ಅಮ್ಮ ಹಾಡು ನಿಲ್ಲಿಸುತ್ತಿದ್ದ ಜಾಗ

ಸರಸ್ವತಿಪುರಂನ ನಮ್ಮ ಮನೆಯ ಅಟ್ಟದ ಮೇಲಿದ್ದ ಹಸಿರು ಟ್ರಂಕನ್ನು ಈ ಸಲದ ಮಳೆಗಾಲ ಮುಗಿದ ಮೇಲೆ ಕೆಳಗಿಳಿಸಿದೆ. ಅದರೊಳಗೆ 63 ಕ್ಯಾಸೆಟ್ಟುಗಳಿದ್ದವು. ಕೆಲವು ಅಪ್ಪ ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ ಕೊಂಡವು, ಕೆಲವು ಅಣ್ಣ ರೇಡಿಯೊದಿಂದ ತುಂಬಿಸಿಕೊಂಡವು, ನಾಲ್ಕೈದು ಅಮ್ಮ ತನ್ನ ತವರಿನಿಂದ ತಂದವು. ದಿನಕ್ಕೊಂದರಂತೆ ಸಂಜೆಯ ಹೊತ್ತು ಅವುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಇವುಗಳಲ್ಲಿರುವ ಹಾಡುಗಳಲ್ಲಿ ಬಹುಪಾಲು ಇಂದು ಫೋನಿನಲ್ಲೇ ಸಿಗುತ್ತವೆ, ಅದೂ ಎಷ್ಟೋ ಪಾಲು ಸ್ವಚ್ಛವಾಗಿ ಸಿಗುತ್ತವೆ ಎಂಬುದು ನನಗೆ ಗೊತ್ತಿದೆ. ಆದರೆ ನನಗೆ ಬೇಕಾಗಿರುವುದು ನಮ್ಮ ಮನೆಯಲ್ಲಿ ಅವು ಕೇಳಿಸುತ್ತಿದ್ದ ಬಗೆ.

ಕೆಲಸ ನಿಧಾನದ್ದು. ಅರವತ್ತು ನಿಮಿಷದ ಒಂದು ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಉದ್ದದ ರೀಲು ಇರುತ್ತದೆ. ಎಷ್ಟೋ ವರ್ಷ ಅಲುಗಾಡದೆ ಇದ್ದ ರೀಲನ್ನು ಒಮ್ಮೆಗೇ ಯಂತ್ರಕ್ಕೆ ಹಾಕಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಹರಿದೇ ಹೋಗಬಹುದು. ಆದ್ದರಿಂದ ಮೊದಲು ಆರು ಮೂಲೆಯ ಪೆನ್ಸಿಲ್ಲನ್ನು ಗಾಲಿಯ ಹಲ್ಲಿಗೆ ಸಿಕ್ಕಿಸಿ, ಈ ಕಡೆಯಿಂದ ಆ ಕಡೆಗೆ, ಮತ್ತೆ ಆ ಕಡೆಯಿಂದ ಈ ಕಡೆಗೆ ಕೈಯಿಂದಲೇ ಸುತ್ತುತ್ತೇನೆ. ಬಿಳಿಯ ಬೂಷ್ಟು ಹಿಡಿದಿದ್ದರೆ ಒಣಬಟ್ಟೆಯಲ್ಲಿ ಒರೆಸುತ್ತೇನೆ. ಹತ್ತಿಗೆ ಸ್ಪಿರಿಟ್ ತಾಗಿಸಿ ಯಂತ್ರದ ಹೆಡ್ಡನ್ನು ಒರೆಸಿದಾಗ ಹತ್ತಿ ಕಂದುಬಣ್ಣಕ್ಕೆ ತಿರುಗುತ್ತದೆ. ಅಷ್ಟಾದರೂ ದನಿ ಕಂಬಳಿ ಹೊದ್ದಂತೆ ಮಂಕಾಗಿದ್ದರೆ, ಹೆಡ್ಡಿನ ಪಕ್ಕದಲ್ಲಿರುವ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹಾಡುವವರ ‘ಸ’ಕಾರ ‘ಶ’ಕಾರಗಳು ಬಿಡಿಬಿಡಿಯಾಗಿ ಕೇಳುವವರೆಗೂ ಕಿವಿಗೊಟ್ಟು ಕೂರಬೇಕು. ಅವು ತಿಳಿಯಾದ ಕ್ಷಣಕ್ಕೆ ಇಡೀ ಕೋಣೆಗೆ ಬೆಳಕು ಬಂದಂತಾಗುತ್ತದೆ.

ನಮ್ಮ ಮನೆಗೆ ಮೊದಲು ಬಂದ ಕ್ಯಾಸೆಟ್ಟು ‘ನಿತ್ಯೋತ್ಸವ’. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಆ ಧ್ವನಿಸುರುಳಿ 1978ರಲ್ಲಿ ಬಂತು, ಭಾವಗೀತೆಗಳು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಹೋಗುವ ಕಾಲ ಅದರಿಂದಲೇ ಶುರುವಾಯಿತು. ನಮ್ಮ ಪ್ರತಿಯಲ್ಲಿ ಶೀರ್ಷಿಕೆ ಗೀತೆಯ ನಡುವೆ ರೀಲು ಒಮ್ಮೆ ಸಿಕ್ಕಿಹಾಕಿಕೊಂಡು ತುಂಡಾಯಿತು. ಅಣ್ಣ ಎರಡು ತುದಿಗಳನ್ನೂ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಹೆಡ್ಡಿಗೆ ತಾಗದ ಬದಿಗೆ ಅಂಟುಪಟ್ಟಿ ಹಚ್ಚಿ ಜೋಡಿಸಿದ. ಒಂದೂವರೆ ಅಕ್ಷರ ಹೋಯಿತು. ಇಂದಿಗೂ ರಾಜ್ಯೋತ್ಸವದ ವೇದಿಕೆಯಲ್ಲಿ ಯಾರಾದರೂ ಆ ಹಾಡನ್ನು ಹಾಡಿದಾಗ ಅವರು ಪೂರ್ತಿಯಾಗಿ ಹಾಡುವ ಆ ಶಬ್ದ ನನ್ನ ಕಿವಿಗೆ ಹೆಚ್ಚುವರಿಯಾಗಿ ಬಂದು ಸೇರಿಕೊಂಡಂತೆ ಅನಿಸುತ್ತದೆ.

ಇನ್ನೊಂದು ತಾತನ ಕ್ಯಾಸೆಟ್ಟು. ಅಪ್ಪನ ಊರು ಪಾಂಡವಪುರ ತಾಲ್ಲೂಕಿನಲ್ಲಿ, ನಾಲೆಯ ಬದಿಯಲ್ಲಿತ್ತು. ಮೊದಲು ಇರ್ವಿನ್ ನಾಲೆ ಎಂದು ಕರೆಸಿಕೊಂಡು ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಅದನ್ನು ನಮ್ಮ ಕಡೆಯವರೆಲ್ಲ ವಿ.ಸಿ. ನಾಲೆ ಎನ್ನುತ್ತಾರೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿದು ಆ ನಾಲೆಯಲ್ಲಿ ನೀರು ಬಂದಾಗ ತಾತ ಎಳೆಯ ಹುಡುಗ. ರಾಗಿ ಹೊಲಗಳು ಗದ್ದೆಯಾದದ್ದನ್ನು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದ ಮೇಲೆ ಗದ್ದೆಗಳಿಗೆ ಕಬ್ಬು ಬಂದದ್ದನ್ನು ಅವರು ಕಣ್ಣಾರೆ ಕಂಡವರು. ಹೀಗಾಗಿ 1972ರ ‘ಬಂಗಾರದ ಮನುಷ್ಯ’ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿರುವ, ಕನ್ನಂಬಾಡಿಯ ಮಾತು ಬರುವ ‘ಆಗದು ಎಂದು’ ಹಾಡು ರೇಡಿಯೊದಲ್ಲಿ ಬಂದರೆ ಸಾಕು, ಅವರು ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನೆಟ್ಟಗೆ ಕೂರುತ್ತಿದ್ದರು. ಅಣ್ಣ ಟೇಪ್ ರೆಕಾರ್ಡರನ್ನು ಅವರ ಹಳೆಯ ರೇಡಿಯೊದ ಮುಂದೆ ಇಟ್ಟು ಅದನ್ನು ಹಿಡಿದುಕೊಂಡ. ಹಾಡಿನೊಂದಿಗೆ ಪಡಸಾಲೆಯೂ ಬಂತು. ಒಂದು ಬಾಗಿಲ ಸದ್ದು, ನಮ್ಮ ಪಿಸುಮಾತು, ಅದರ ಮೇಲೆ ತಾತನ ಗದರಿಕೆ: “ಸುಮ್ನಿರ್ರೋ, ಕಟ್ಟೆ ಬಂತು.” ತಾತನ ದನಿ ನಮ್ಮಲ್ಲಿ ಉಳಿದಿರುವುದು ಅಷ್ಟೇ, ಮೂರು ಪದ.

ನಾನು ಹೇಳಬೇಕೆಂದು ಕೂತದ್ದು ಅಮ್ಮನ ಕ್ಯಾಸೆಟ್ಟಿನ ವಿಷಯ.

ಅಮ್ಮನ ತವರು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಕಿಕ್ಕೇರಿಗೆ ನಡೆದು ಹೋಗುವಷ್ಟು ಹತ್ತಿರ. ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಊರು ಅದು. 1942ರಲ್ಲಿ ಬಂದ ಅವರ ‘ಮೈಸೂರು ಮಲ್ಲಿಗೆ’ಯ ಪದ್ಯಗಳು ಹಾಡಾಗಿ ಕ್ಯಾಸೆಟ್ಟಿಗೆ ಬಂದಾಗ ಅಮ್ಮ ಅದನ್ನು ತನ್ನ ಊರಿನವರ ಸುದ್ದಿಯಂತೆಯೇ ಕೇಳುತ್ತಿದ್ದಳು. ಅದರಲ್ಲಿಯೂ ‘ರಾಯರು ಬಂದರು ಮಾವನ ಮನೆಗೆ’ ಅವಳಿಗೆ ಪ್ರಾಣ. ಹುಣ್ಣಿಮೆಯ ರಾತ್ರಿ ಹೆಂಡತಿಯನ್ನು ಕಾಣಲು ಅಳಿಯ ಬರುತ್ತಾನೆ. ಕಾಲಿಗೆ ಬಿಸಿನೀರು ಬರುತ್ತದೆ, ಮನೆಯೆಲ್ಲ ಮಲ್ಲಿಗೆಯ ಪರಿಮಳ, ಹೆಂಡತಿಯದೊಂದೇ ಸುಳಿವಿಲ್ಲ. ಪದುಮಳು ಒಳಗಿಲ್ಲ ಎಂಬ ಸುದ್ದಿ ಬರುತ್ತದೆ. ಬೆಳಗಾದ ಮೇಲೆ ರಾಯರು ಮುನಿಸಿಕೊಂಡು ಹೊರಡುತ್ತೇನೆ ಎನ್ನುವಾಗ ನೀರಾಯಿತು ಎನ್ನುತ್ತಾಳೆ ನಾದಿನಿ, ಕೊನೆಗೆ ಪದುಮ ಹೂ ಮುಡಿದು ಬರುತ್ತಾಳೆ.

ತಾತ ಪಡಸಾಲೆಯಲ್ಲಿ ಕುಳಿತಿದ್ದಾಗಲೆಲ್ಲ ಅಮ್ಮ ಆ ಹಾಡನ್ನು ಪೂರ್ತಿ ಬಿಡುತ್ತಿರಲಿಲ್ಲ. ಮಲ್ಲಿಗೆಯ ಪರಿಮಳದವರೆಗೂ ಬಿಟ್ಟು, ಮುಂದಿನ ಮಾತು ಬರುವ ಮೊದಲೇ ಅಡುಗೆಮನೆಯಿಂದ ಒದ್ದೆಗೈಯಲ್ಲೇ ಬಂದು ಗುಂಡಿ ಒತ್ತಿ ನಿಲ್ಲಿಸುತ್ತಿದ್ದಳು. ಮಾವನವರ ಎದುರು ಅದು ಸಲ್ಲದೆಂಬ ಸಂಕೋಚ. ನಮಗೆಲ್ಲ ಹಾಡು ಅಷ್ಟೇ ಇರುವುದೆಂದು ಅನಿಸಿತ್ತು. ನಾನು ಐದನೇ ತರಗತಿಯಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಯಲ್ಲಿ ಆ ಕ್ಯಾಸೆಟ್ಟು ಹಾಕಿದಾಗ ಅದು ನಿಲ್ಲದೆ ಮುಂದುವರಿಯಿತು. ಅಲ್ಲಿ ಅಮ್ಮ ಸೊಸೆಯಲ್ಲ, ಮಗಳು. ಅವರೆಕಾಳು ಸುಲಿಯುತ್ತಿದ್ದ ಕೈ ನಿಲ್ಲಿಸಲೂ ಇಲ್ಲ, ಏಳಲೂ ಇಲ್ಲ. “ಒಳಗಿಲ್ಲದೆ ಪದುಮ ಎಲ್ಲಿಗೆ ಹೋಗಿದ್ದಳು?” ಎಂದು ಕೇಳಿದೆ. ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಉತ್ತರ ಮಾತ್ರ ಯಾರೂ ಕೊಡಲಿಲ್ಲ. ಅಜ್ಜಿ, “ಹಿತ್ತಲಲ್ಲಿ ಹೂ ಬಿಡಿಸುತ್ತಿದ್ದಳು” ಎಂದು ಹೇಳಿ ನನ್ನನ್ನು ಆಟಕ್ಕೆ ಕಳಿಸಿದಳು.

ಎಂಟನೇ ತರಗತಿಯಲ್ಲಿ ನಾನು ದೊಡ್ಡವಳಾದೆ. ಮೊದಲ ಸಲ ಆರತಿ, ಚಿಗಳಿ, ಕೊಬ್ಬರಿ ಬೆಲ್ಲ, ನೆಂಟರು ಎಂದು ಗಲಾಟೆಯಲ್ಲೇ ಕಳೆಯಿತು. ಎರಡನೆಯ ತಿಂಗಳು ಬಂದವರು ಯಾರೂ ಇರಲಿಲ್ಲ. ಹಿತ್ತಲಿಗೆ ಹೊಂದಿದ ಸಣ್ಣ ಕೋಣೆಯಲ್ಲಿ ಒಂದು ಚಾಪೆ, ಒಂದು ಚೊಂಬು, ನಾನು. ಆ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ನನ್ನ ಮಗಳಿಗೆ ಅದನ್ನು ದಾಟಿಸಲೂ ಇಲ್ಲ. ಮೂರು ದಿನ ಮುಟ್ಟದೆ ದೂರದಿಂದ ತಟ್ಟೆ ಸರಿಸಿಕೊಡುವುದರಲ್ಲಿ ಇರುವ ಅವಮಾನ ಹದಿಮೂರರ ಹುಡುಗಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಎರಡನೆಯ ದಿನ ಸಂಜೆ ನಾನು ಅಳುತ್ತಿರುವುದು ಅಮ್ಮನಿಗೆ ಕೇಳಿಸಿರಬೇಕು. ಟೇಪ್ ರೆಕಾರ್ಡರನ್ನು ತಂದು ಕೋಣೆಯ ಕಿಟಕಿಯ ಹೊರಗೆ, ತುಳಸಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಇಟ್ಟಳು. ಪಡಸಾಲೆಯಲ್ಲಿ ತಾತ ಇದ್ದರು. ಹಾಡು ಪರಿಮಳದವರೆಗೂ ಬಂದಾಗ ಅವಳ ಬೆರಳು ಗುಂಡಿಯ ಮೇಲೆಯೇ ಇದ್ದುದು ನನಗೆ ಕಿಟಕಿಯ ಸರಳಿನಿಂದ ಕಾಣುತ್ತಿತ್ತು. ಅವಳು ಒತ್ತಲಿಲ್ಲ. ಪದುಮ ಒಳಗಿಲ್ಲವೆಂಬ ಸುದ್ದಿ ನಮ್ಮ ಮನೆಯಲ್ಲಿ ಮೊದಲ ಬಾರಿ ಎಲ್ಲರಿಗೂ ಕೇಳಿಸಿತು. ನಾನು ಅಳು ನಿಲ್ಲಿಸಿ ಅಮ್ಮನನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಮೂರು ವರ್ಷದ ಹಿಂದಿನ ಪ್ರಶ್ನೆ ಅವಳಿಗೂ ನೆನಪಿತ್ತು.

ನಾಲ್ಕನೆಯ ದಿನ ಬೆಳಕು ಹರಿಯುವ ಮೊದಲೇ ಬಾಗಿಲ ಬಳಿ ಬಂದು ಅಮ್ಮ ಕರೆದಳು: “ನೀರಾಯ್ತು, ಏಳು ಪುಟ್ಟಿ.” ಅಂದಿದ್ದು ಬೇಕೆಂದೋ, ಬಾಯಿಗೆ ಬಂದ ಮಾತೋ, ನಾನು ಕೊನೆಯವರೆಗೂ ಕೇಳಲಿಲ್ಲ. ಸೌದೆ ಒಲೆಯ ಹೊಗೆ ತುಂಬಿದ ಬಚ್ಚಲುಮನೆಯಲ್ಲಿ ನನ್ನ ತಲೆಗೆ ಬಿಸಿನೀರು ಹುಯ್ಯುವಾಗ ಅವಳು ಆ ಹಾಡಿನ ಕೊನೆಯನ್ನು ಗುನುಗುತ್ತಿದ್ದಳು. ತಲೆ ಒರೆಸಿ, ಒದ್ದೆಗೂದಲಿಗೇ ಒಂದು ಮೊಳ ಮಲ್ಲಿಗೆ ಮುಡಿಸಿ ಶಾಲೆಗೆ ಕಳಿಸಿದಳು.

ಅಮ್ಮ ಹೋಗಿ 11 ವರ್ಷವಾಯಿತು. ಅವಳ ದನಿ ಈ 63 ಕ್ಯಾಸೆಟ್ಟುಗಳಲ್ಲಿ ಎಲ್ಲಿಯೂ ಇಲ್ಲ. ಅವಳ ಕ್ಯಾಸೆಟ್ಟಿನಲ್ಲಂತೂ ಇರಲು ಸಾಧ್ಯವೇ ಇಲ್ಲ. ಅಂಗಡಿಯಿಂದ ಕೊಂಡ ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕುಗಳು ಇರುವುದಿಲ್ಲ, ಅವಿಲ್ಲದಿದ್ದರೆ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ. ಇದು ಗೊತ್ತಿದ್ದರೂ ಕಳೆದ ಗುರುವಾರ ಅದನ್ನು ಇಳಿಸಿಕೊಳ್ಳುವಾಗ ಹಾಡು ಹಾಡಿನ ನಡುವಿನ ಮೌನಕ್ಕೆಲ್ಲ ಕಿವಿಗೊಟ್ಟು ಕೇಳಿದೆ.

ಕಂಪ್ಯೂಟರಿನ ಪರದೆಯಲ್ಲಿ ಹಾಡು ಅಲೆಯಂತೆ ಕಾಣುತ್ತದೆ. ಮಲ್ಲಿಗೆಯ ಸಾಲು ಮುಗಿದ ಕೂಡಲೇ ಒಂದು ಕಡೆ ಅಲೆ ಸಣ್ಣಗಾಗಿ, ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ದನಿ ಕುಗ್ಗಿ, ಮತ್ತೆ ಏಳುತ್ತದೆ. ರೀಲನ್ನು ಹೊರಗೆಳೆದು ದೀಪಕ್ಕೆ ಹಿಡಿದು ನೋಡಿದೆ. ಅದೇ ಜಾಗದಲ್ಲಿ ವರ್ಷಗಟ್ಟಲೆ ನಿಲ್ಲಿಸಿ ನಿಲ್ಲಿಸಿ, ರಬ್ಬರ್ ಗಾಲಿಯ ಒತ್ತಿಗೆ ರೀಲಿನ ಮೇಲೆ ಅಡ್ಡಡ್ಡವಾಗಿ ನಾಲ್ಕಾರು ತೆಳುವಾದ ಗೆರೆಗಳು ಮೂಡಿದ್ದವು. ಇಂಥ ಕುಗ್ಗನ್ನು ತುಂಬಿ ಸರಿಮಾಡುವ ಉಪಾಯ ಕಂಪ್ಯೂಟರಿನಲ್ಲಿದೆ, ಬೇರೆ ಕ್ಯಾಸೆಟ್ಟುಗಳಿಗೆ ಅದನ್ನು ಬಳಸಿಯೂ ಇದ್ದೇನೆ. ಇದನ್ನು ಮುಟ್ಟದೆ, ಹಾಗೆಯೇ ಉಳಿಸಿ, ಅಣ್ಣನಿಗೂ ಒಂದು ಪ್ರತಿ ಕಳಿಸಿದೆ.