ಜೋಲಿ ತೊಟ್ಟಿಯ ಲೆಕ್ಕ

20 ಮಾರ್ಚ್ 2025, ಗುರುವಾರ
ಬೆಂಗಳೂರು

ಇವತ್ತು ಅರ್ಧ ದಿನ ಒಂದು ಬಾತ್‌ಟಬ್ಬಿನ ಲೆಕ್ಕದಲ್ಲೇ ಹೋಯಿತು. ಮನೆ ಕಟ್ಟಿಸುತ್ತಿರುವವರಿಗೆ ಬ್ರಿಟನ್ನಿನ ವಿನ್ಯಾಸ ಸಂಸ್ಥೆ ಸ್ಪ್ಲಿಂಟರ್ ವರ್ಕ್ಸ್‌ನವರ 'ವೆಸಲ್' ಎಂಬ ತೊಟ್ಟಿ ಬೇಕಂತೆ. ಕಾರ್ಬನ್ ಫೈಬರ್, 2.7 ಮೀಟರ್ ಉದ್ದ, ಎರಡು ಗೋಡೆಗಳ ನಡುವೆ ಜೋಲಿಯ ಹಾಗೆ ನಿಲ್ಲುತ್ತದೆ, ನೆಲ ಮುಟ್ಟುವುದೇ ಇಲ್ಲ. ಚೆಂದವಿದೆ, ಸುಳ್ಳೇಕೆ ಹೇಳಲಿ.

ನೆಲ ಮುಟ್ಟದ ಮೇಲೆ ಭಾರವೆಲ್ಲ ಗೋಡೆಗೆ. 250 ಲೀಟರ್ ನೀರು ಹಿಡಿದರೆ 250 ಕಿಲೋ, ಒಳಗೆ ಮಲಗುವವರದು ಒಂದು 70, ತೊಟ್ಟಿಯದು ಬೇರೆ. ನಮ್ಮ ಪ್ಲಾನಿನಲ್ಲಿ ಅಲ್ಲಿರುವುದು 4 ಇಂಚಿನ ಬ್ಲಾಕ್ ಗೋಡೆ. ಅದಕ್ಕೆ ಟವೆಲ್ ರಾಡ್ ಹೊಡೆದರೇ ಪುಡಿ ಉದುರುತ್ತದೆ! ಎರಡೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಬೇಕು, ಇಲ್ಲವೇ ಒಳಗೆ ಸ್ಟೀಲ್ ಫ್ರೇಮ್ ಹುದುಗಿಸಬೇಕು. ಆದರೂ ಅವರು ಮೊದಲು ಆಸೆಪಟ್ಟಿದ್ದ ಇಡೀ ಅಮೃತಶಿಲೆಯ ತೊಟ್ಟಿಗಿಂತ ವಾಸಿ. ಅಂಥವು ಖಾಲಿ ಇದ್ದಾಗಲೇ ಅರ್ಧ ಟನ್ ದಾಟುವುದುಂಟು; ವಾಸದ ಮನೆಯ ಸ್ಲ್ಯಾಬಿಗೆ ನಾವು ಹಿಡಿಯುವ ಬಳಕೆ ಭಾರ, ಅಂದರೆ ಜನ-ಸಾಮಾನಿನ ಭಾರ, ಚದರ ಮೀಟರಿಗೆ ಸುಮಾರು 200 ಕಿಲೋ.

ಒಂದು ವಿಷಯದಲ್ಲಿ ಮಾತ್ರ ಇದು ನಮ್ಮ ಬಚ್ಚಲಿಗೇ ಹೇಳಿ ಮಾಡಿಸಿದ್ದು. ತಳದಿಂದ ನೀರು ನೇರ ನೆಲದ ಜಾಲರಿಗೆ ಇಳಿಯುತ್ತದೆ. ನೆಲದಲ್ಲಿ ಜಾಲರಿಯೇ ಇಲ್ಲದ ಒಣ ಬಾತ್‌ರೂಮಿನವರು ಇದಕ್ಕಾಗಿ ನೆಲವನ್ನೇ ಕಿತ್ತು ಹಾಕಬೇಕು. ನಾವು ಮೊದಲಿಂದಲೂ ಇಳಿಜಾರು ಕೊಟ್ಟೇ ಕಟ್ಟುವವರು. ಅಡಿಯಲ್ಲಿ ಮಾಪ್ ಸಲೀಸಾಗಿ ಓಡಾಡುತ್ತದೆ. ಗೋಡೆಗೆ 2 ಇಂಚು ಬಿಟ್ಟು ಕೂರಿಸಿದ ದುಬಾರಿ ಟಬ್ಬುಗಳ ಹಿಂದೆ ಸೇರುವ ಕೂದಲು, ಸೋಪಿನ ಜಿಡ್ಡು ಕಂಡವರಿಗೆ ಇದರ ಸುಖ ಗೊತ್ತು. ಜಾಲರಿ ಕಟ್ಟಿಕೊಂಡ ದಿನ ಮಾತ್ರ ಅಷ್ಟೂ ನೀರು ಹೊಸಿಲು ದಾಟುತ್ತದೆ.

ತೊಡಕಿರುವುದು ಬಿಸಿನೀರಿನಲ್ಲಿ. 25 ಲೀಟರಿನ ಗೀಸರ್ 60 ಡಿಗ್ರಿಗೆ ಕಾದರೂ, 24 ಡಿಗ್ರಿಯ ತಣ್ಣೀರು ಬೆರೆಸಿ 40ಕ್ಕೆ ತಂದರೆ ಸಿಗುವುದು 56 ಲೀಟರ್. ತೊಟ್ಟಿಯ ಕಾಲು ಭಾಗವೂ ಅಲ್ಲ. ಮುಂದಿನ ಕಂತು ಕಾಯಲು 2 ಕಿಲೋವಾಟಿನ ಗೀಸರಿಗೂ ಅರ್ಧ ಗಂಟೆ ಬೇಕು. ತೊಟ್ಟಿಯ ಪದರಗಳ ನಡುವೆ ಫೋಮ್ ಇಟ್ಟು ಶಾಖ ಉಳಿಸಿದ್ದಾರೆ, ಸರಿ. ತುಂಬಿದರೆ ತಾನೇ ಉಳಿಯುವುದು! ದೊಡ್ಡ ಸೋಲಾರ್ ಟ್ಯಾಂಕ್ ಇಲ್ಲದೆ ಆಗದ ಮಾತು. (2024ರ ಮಾರ್ಚಿನ ನೀರಿನ ಅಭಾವದಲ್ಲಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಅಂದಿತ್ತು. ಆ ಮಾತು ಎತ್ತಲಿಲ್ಲ.)

ಮನೆಯ ಅಜ್ಜಿ ಕೇಳಿದ್ದು ಒಂದೇ: "ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಇದಕ್ಕೆ ಹತ್ತೋದು ಹೆಂಗಪ್ಪ?" ಚಿತ್ರದಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಕಂಬಿ, ಮೆಟ್ಟಿಲು ಎರಡನ್ನೂ ಅಂದಾಜಿಗೆ ಸೇರಿಸಿದ್ದೇನೆ. ಸೋಮವಾರ ಬ್ಲಾಕ್ ಲೋಡ್ ಬರುತ್ತದೆ, ಅಷ್ಟರೊಳಗೆ ಬೇಕೋ ಬೇಡವೋ ಹೇಳಿಬಿಡಿ ಅಂದು ಬಂದೆ.