ಯುದ್ಧನೌಕೆ ಕಟ್ಟುವ ಮೊದಲು ಸಿಗಂದೂರು ಲಾಂಚ್ ನೆನಪಿಸಿಕೊಳ್ಳಿ

ಆಷಾಢದ ಮಳೆಯಲ್ಲಿ ಸಾಗರದ ಜೆರಾಕ್ಸ್ ಅಂಗಡಿಗೆ ಯಾರು ಬರುತ್ತಾರೆ ಹೇಳಿ. ಅಡ್ಮಿಷನ್ ಗಲಾಟೆ ಮುಗಿದಿರುತ್ತದೆ. ದಿನಕ್ಕೆ ನಾಲ್ಕು ಆಧಾರ್ ಕಾಪಿ, ಒಂದು ಪಹಣಿ, ಅಷ್ಟೇ. ಉಳಿದ ಹೊತ್ತು ನಾನು ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಜಪಾನಿನ ನೌಕಾಪಡೆ ನಡೆಸುತ್ತಿರುತ್ತೇನೆ.

ಆಟದ ಹೆಸರು ರೂಲ್ ದಿ ವೇವ್ಸ್ 3. ನೋಡಲು ಚೆನ್ನಾಗಿಲ್ಲ. ಬ್ಯಾಂಕಿನ ಲೆಡ್ಜರ್ ತೆರೆದ ಹಾಗಿದೆ. ಅದಕ್ಕೇ ನನ್ನ ಡಬ್ಬಾ ಕಂಪ್ಯೂಟರಿನಲ್ಲೂ ಓಡುತ್ತದೆ. 1890ರಿಂದ 1970ರವರೆಗೆ ಒಂದು ದೇಶದ ನೌಕಾಪಡೆ ನಿಮ್ಮ ಕೈಗೆ ಬರುತ್ತದೆ. ಒಂದೊಂದು ತಿಂಗಳೂ ಒಂದೊಂದು ಸರದಿ. ಬಜೆಟ್ ನೋಡಬೇಕು, ಸಂಶೋಧನೆಗೆ ದುಡ್ಡು ಕೊಡಬೇಕು, ಹಡಗನ್ನು ನೀವೇ ಡಿಸೈನ್ ಮಾಡಬೇಕು, ಆಮೇಲೆ ಅದೇ ಹಡಗಿನಲ್ಲಿ ಯುದ್ಧಕ್ಕೆ ಹೋಗಬೇಕು.

ಮೊನ್ನೆ ಶಿವಮೊಗ್ಗದಿಂದ ಅಕ್ಕನ ಮಗ ಫೋನ್ ಮಾಡಿದ. ಇಂಜಿನಿಯರಿಂಗ್ ಓದುತ್ತಿದ್ದಾನೆ. ನನ್ನ ಹುಚ್ಚು ಅವನಿಗೂ ಅಂಟಿದೆ.

"ಮಾವ, ದುಡ್ಡೆಲ್ಲ ಖಾಲಿ. ಇದ್ದ ದೊಡ್ಡ ಹಡಗೂ ಸಿಡಿದು ಹೋಯ್ತು."

"ಸ್ಪೀಡ್ ಎಷ್ಟು ಇಟ್ಟಿದ್ದೆಯೋ?"

"ಇಪ್ಪತ್ತಾರು."

ನನಗೆ ನಗು ಬಂತು. ಇಪ್ಪತ್ತಾರು ನಾಟ್, ಅಂದರೆ ಗಂಟೆಗೆ ಸುಮಾರು 48 ಕಿಲೋಮೀಟರ್! ನಾನೂ ಮೊದಲ ಸಲ ಮಾಡಿದ್ದು ಅದನ್ನೇ. ನಾನು ಹಡಗುಗಳಿಗೆ ನಮ್ಮ ಹೊಳೆಗಳ ಹೆಸರಿಡುತ್ತೇನೆ. ಮೊದಲ ದೊಡ್ಡ ಹಡಗು 'ಶರಾವತಿ'. ಅದಕ್ಕೆ ಎಲ್ಲವೂ ಬೇಕಿತ್ತು ನನಗೆ. ದೊಡ್ಡ ಫಿರಂಗಿ, ಜಾಸ್ತಿ ಫಿರಂಗಿ, ಎಲ್ಲರಿಗಿಂತ ವೇಗ. ತೂಕ ಮೀರಿತು ಅಂತ ಆಟ ಹೇಳಿದಾಗೆಲ್ಲ ಉಕ್ಕಿನ ಕವಚವನ್ನು ಅರ್ಧ ಅರ್ಧ ಇಂಚು ತೆಳ್ಳಗೆ ಮಾಡುತ್ತಾ ಹೋದೆ. ರಷ್ಯಾದ ಮೇಲೆ ಮೊದಲ ಯುದ್ಧ. ಮೂರನೇ ಗುಂಡಿಗೆ 'ಶರಾವತಿ' ಸ್ಫೋಟಿಸಿತು. ಮೂರು ವರ್ಷದ ದುಡ್ಡು ಹಾಗೇ ನೀರಿಗೆ ಹೋಯಿತು.

ಈಗ ಲಾಂಚ್ ವಿಷಯಕ್ಕೆ ಬರುತ್ತೇನೆ. ನಮ್ಮ ಅಜ್ಜಿಮನೆ ತುಮರಿ ಕಡೆ. 2025ರ ಜುಲೈನಲ್ಲಿ ಸೇತುವೆ ಆಗುವ ತನಕ ಶರಾವತಿ ಹಿನ್ನೀರು ದಾಟಲು ಜನ, ವಾಹನ ಎಲ್ಲ ಹೊರುವ ಸಿಗಂದೂರು ಲಾಂಚೇ ಗತಿ. ರಜೆಯಲ್ಲಿ ದಡದಲ್ಲಿ ನಿಂತು ನೋಡುತ್ತಿದ್ದೆ. ಬಸ್ಸು ಹತ್ತಿದರೆ ಇಷ್ಟು ಜೀಪು ಹಿಂದೆ ಉಳಿಯುತ್ತಿತ್ತು. ಗೊಬ್ಬರದ ಲಾರಿ ಬಂದರೆ ಇನ್ನೂ ಜಾಸ್ತಿ. "ಇದೊಂದು ಹಿಡಿಯುತ್ತೆ ಮಾರಾಯ" ಅಂತ ಯಾರು ಎಷ್ಟು ಗೋಗರೆದರೂ ಲಾಂಚಿನವರು ತಲೆ ಆಡಿಸುತ್ತಿರಲಿಲ್ಲ. ಒಂದು ಹತ್ತಬೇಕಾದರೆ ಇನ್ನೊಂದು ಇಳಿಯಬೇಕು. ಆಟದ ಡಿಸೈನ್ ಪರದೆಯೂ ಅದೇ ಲಾಂಚು.

ವೇಗಕ್ಕೆ ಎಷ್ಟು ತೆರಬೇಕು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಸುಮ್ನೆ ಎರಡು ನಿಜವಾದ ಹಡಗು ಪಕ್ಕಪಕ್ಕ ಇಟ್ಟು ನೋಡಿ. ಬ್ರಿಟನ್ನಿನ ಡ್ರೆಡ್‌ನಾಟ್ 1906ರಲ್ಲಿ ನೀರಿಗಿಳಿಯಿತು. 12 ಇಂಚು ಅಗಲದ ಬಾಯಿಯ ಫಿರಂಗಿ 10, ಪಕ್ಕದ ಕವಚ 11 ಇಂಚು, ವೇಗ 21 ನಾಟ್. ಮರುವರ್ಷ ಇನ್‌ವಿನ್ಸಿಬಲ್ ಇಳಿಯಿತು. ತೂಕ ಹೆಚ್ಚುಕಡಿಮೆ ಅಷ್ಟೇ. ವೇಗ 25 ನಾಟ್. ಆದರೆ ಫಿರಂಗಿ 8, ಕವಚ 6 ಇಂಚು. ಡ್ರೆಡ್‌ನಾಟ್‌ಗೆ 23,000 ಕುದುರೆ ಶಕ್ತಿಯ ಯಂತ್ರ ಸಾಕಾಗಿತ್ತು, ಇದಕ್ಕೆ 41,000 ಬೇಕಾಯಿತು. ಬರೀ 4 ನಾಟ್‌ಗೆ, ಅಂದರೆ ಗಂಟೆಗೆ ಏಳೂವರೆ ಕಿಲೋಮೀಟರಿಗೆ! ವೇಗ ಒಂದೂಕಾಲು ಪಟ್ಟು ಆಗುವ ಹೊತ್ತಿಗೆ ಶಕ್ತಿ ಹತ್ತಿರಹತ್ತಿರ ಎರಡು ಪಟ್ಟು ಬೇಕು. ಆ ಯಂತ್ರಕ್ಕೂ ಬಾಯ್ಲರಿಗೂ ಜಾಗ, ತೂಕ ಎಲ್ಲಿಂದ ಬರಬೇಕು? ಕವಚದಿಂದಲೇ.

ಇನ್‌ವಿನ್ಸಿಬಲ್ 1916ರ ಮೇ 31ರಂದು ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ನೌಕಾಪಡೆ ಜೊತೆ ನಡೆದ ಜಟ್ಲೆಂಡ್ ಕದನದಲ್ಲಿ ಸಿಡಿದು ಎರಡು ತುಂಡಾಯಿತು. ಸಾವಿರಕ್ಕೂ ಜಾಸ್ತಿ ಜನರಲ್ಲಿ ಬದುಕಿದ್ದು 6 ಮಂದಿ. ಅದೇ ದಿನ ಬ್ರಿಟನ್ನಿನ ಇನ್ನೂ ಎರಡು ಅಂಥದೇ ವೇಗದ ಹಡಗು ಸಿಡಿದವು. ತೆಳ್ಳಗಿನ ಕವಚ ಒಂದೇ ಕಾರಣ ಅಲ್ಲ, ಫಿರಂಗಿಯ ಸಿಡಿಮದ್ದು ಸಾಗಿಸುವಾಗಿನ ಅಜಾಗರೂಕತೆಯೂ ಇತ್ತು. ಆದರೂ ನನ್ನ 'ಶರಾವತಿ' ಹೋದ ರಾತ್ರಿ ಇದನ್ನು ಓದಿ ಸ್ವಲ್ಪ ಸಮಾಧಾನ ಆಯಿತು. ದೊಡ್ಡ ದೊಡ್ಡ ಅಡ್ಮಿರಲ್‌ಗಳೇ ಎಡವಿದ್ದಾರೆ, ಜೆರಾಕ್ಸ್ ಅಂಗಡಿಯವನದ್ದೇನು.

ಹಾಗಾಗಿ ಮೊದಲ ದೊಡ್ಡ ಯುದ್ಧನೌಕೆಗೆ, ಅಂದರೆ ಬ್ಯಾಟಲ್‌ಶಿಪ್‌ಗೆ ವೇಗ ಎದುರಾಳಿಯಷ್ಟೇ ಇರಲಿ. ಹೆಚ್ಚೆಂದರೆ ಒಂದು ನಾಟ್ ಜಾಸ್ತಿ. ಮೊದಲು ಕವಚ ಹಾಕಿ, ಆಮೇಲೆ ಫಿರಂಗಿ ಇಡಿ. ಫಿರಂಗಿ ಆರಿಸುವಾಗ ಇಂಚು ಮಾತ್ರ ನೋಡಬೇಡಿ, ಅದರ ಗುಣಮಟ್ಟದ ಅಂಕಿಯನ್ನೂ ನೋಡಿ. ಮೈನಸ್ ಅಂತ ಇರುವ 12 ಇಂಚಿಗಿಂತ ಒಳ್ಳೆಯ 11 ಇಂಚು ಎಷ್ಟೋ ಸಲ ಮೇಲು.

ಫಿರಂಗಿ ಎಲ್ಲಿ ಕೂರುತ್ತದೆ ಅನ್ನುವುದೂ ಮುಖ್ಯ. ಡ್ರೆಡ್‌ನಾಟ್‌ಗೆ ಹತ್ತು ಫಿರಂಗಿ ಇದ್ದರೂ ಒಂದು ಪಕ್ಕಕ್ಕೆ ಹೊಡೆಯಲು ಬರುತ್ತಿದ್ದುದು ಎಂಟೇ. ಎರಡೆರಡು ಫಿರಂಗಿ ಕೂರಿಸಿದ ಎರಡು ಗೋಪುರ ಬದಿಗಳಲ್ಲಿ ಇದ್ದವಲ್ಲ, ಆಚೆ ಬದಿಯದ್ದಕ್ಕೆ ಹಡಗೇ ಅಡ್ಡ. ಅಮೆರಿಕದವರು ಸೌತ್ ಕ್ಯಾರೊಲೈನಾ ಅನ್ನುವ ಹಡಗಿನಲ್ಲಿ ಎಂಟೇ ಇಟ್ಟರು. ಎಲ್ಲವನ್ನೂ ಹಡಗಿನ ನಡುಗೆರೆಯಲ್ಲಿ, ಒಂದರ ಹಿಂದೆ ಇನ್ನೊಂದನ್ನು ಎತ್ತರದಲ್ಲಿ ಕೂರಿಸಿದರು. ಎಂಟೂ ಎರಡೂ ಪಕ್ಕಕ್ಕೆ ಹೊಡೆಯುತ್ತವೆ. ಹಡಗೂ ಚಿಕ್ಕದಾಯಿತು. ಆಟದಲ್ಲಿ ಹೀಗೆ ಕೂರಿಸಲು ಸಂಶೋಧನೆ ಆಗಿರಬೇಕು. ಅದು ಬರುವ ತನಕ ದುಬಾರಿ ಹಡಗು ಒಂದೋ ಎರಡೋ ಸಾಕು. ತಡೆಯಲಾರದೆ ನಾಲ್ಕು ಕಟ್ಟಿದರೆ ಮುಂದಿನ ವರ್ಷ ನಾಲ್ಕೂ ಹಳತು.

ದುಡ್ಡಿನ ವಿಷಯ ಅಡಿಕೆ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಸಸಿ ನೆಡುವ ಖರ್ಚು ಒಂದು ಸಲದ್ದು. ಗೊಬ್ಬರ, ಬೋರ್ಡೋ ಸಿಂಪಡಣೆ, ಅಡಿಕೆ ಗೊನೆ ಕೊಯ್ಲಿನ ಕೂಲಿ ವರ್ಷ ವರ್ಷದ್ದು. ಹಡಗೂ ಹಾಗೇ. ಕಟ್ಟುವ ದುಡ್ಡು ತಿಂಗಳ ಕಂತಿನಲ್ಲಿ ಹೋಗುತ್ತದೆ. ಮುಗಿದ ಮೇಲೆ ನಿರ್ವಹಣೆ ಶುರು. ಶಾಂತಿಕಾಲದಲ್ಲಿ ಹಳೇ ಹಡಗುಗಳನ್ನು ರಿಸರ್ವ್‌ಗೆ ಹಾಕಿ, ಅಂದರೆ ಬಂದರಿನಲ್ಲೇ ನಿಲ್ಲಿಸಿಡಿ, ಖರ್ಚು ಇಳಿಯುತ್ತದೆ. ಪಕ್ಕದ ದೇಶದ ಜೊತೆ ಬಿಗುವು ಏರುತ್ತಿದ್ದರೆ ಮಾತ್ರ ವಾಪಸ್ ಕರೆಯಿರಿ. ನಾನೊಮ್ಮೆ ಕರೆಯಲು ಮರೆತೆ. ಯುದ್ಧ ಶುರುವಾದಾಗ ಅರ್ಧ ಪಡೆ ನಿದ್ದೆಯಲ್ಲಿತ್ತು. ಇನ್ನೊಂದು, ಹಡಗು ಕಟ್ಟುವ ಡಾಕ್ ದೊಡ್ಡದು ಮಾಡುವ ಕೆಲಸ ಯಾವಾಗಲೂ ನಡೆಯುತ್ತಲೇ ಇರಲಿ. ಡಾಕ್ ಚಿಕ್ಕದಾದರೆ ನಿಮ್ಮ ಕನಸಿನ ಹಡಗು ಕಾಗದದಲ್ಲೇ ಉಳಿಯುತ್ತದೆ.

ಚಿಕ್ಕ ಹಡಗುಗಳನ್ನು ಮರೆಯಬೇಡಿ. ನನ್ನ ಅಳಿಯ ಪೂರ್ತಿ ಮರೆತಿದ್ದ. ವ್ಯಾಪಾರದ ಹಡಗುಗಳನ್ನು ಕಾಯಲು, ಮುಂದೆ ಹೋಗಿ ಶತ್ರು ಎಲ್ಲಿದ್ದಾನೆ ಅಂತ ನೋಡಲು, ನೀರೊಳಗೆ ಹೋಗಿ ಸಿಡಿಯುವ ಟಾರ್ಪಿಡೋ ಬಿಡಲು ಇವು ಬೇಕೇ ಬೇಕು. ನನ್ನ ಮಧ್ಯಮ ಗಾತ್ರದ ಹಡಗುಗಳಾದ ಕ್ರೂಸರ್‌ಗಳು 'ವರದಾ', 'ಕುಮದ್ವತಿ', 'ಮಾಲತಿ'. ಒಂದು ರಾತ್ರಿ ಯುದ್ಧದಲ್ಲಿ ಡೆಸ್ಟ್ರಾಯರ್ ಅನ್ನುವ ನನ್ನ ಒಂದು ಚಿಕ್ಕ ಹಡಗು ರಷ್ಯಾದ ದೊಡ್ಡ ಹಡಗಿಗೆ ಎರಡು ಟಾರ್ಪಿಡೋ ಹೊಡೆದು ಮುಳುಗಿಸಿತು. ನೋಡಿ, ಅಷ್ಟು ದುಡ್ಡು ಸುರಿದ 'ಶರಾವತಿ' ಮಾಡದ್ದನ್ನು ಆ ಪುಟ್ಟದು ಮಾಡಿತು. ಅದೇ ಭಯ ನಿಮಗೂ ಇರಲಿ. ಕತ್ತಲಾದರೆ ದೊಡ್ಡ ಹಡಗು ತಿರುಗಿಸಿಕೊಂಡು ಮನೆಗೆ ಹೋಗಿ. ನಾಚಿಕೆ ಬೇಡ.

ಏರ್‌ಕ್ರಾಫ್ಟ್ ಕ್ಯಾರಿಯರ್ ಬಗ್ಗೆ ಕೇಳಬೇಡಿ. ಆ ಕಾಲ ಬಂದಾಗೆಲ್ಲ ಸೋಲುತ್ತಲೇ ಇದ್ದೇನೆ. 1900ರಲ್ಲಿ ಶುರು ಮಾಡಿ, 1920ರವರೆಗೆ ಆಡಿ, ಕೈ ಕುದುರಿದ ಮೇಲೆ ನೋಡಿಕೊಳ್ಳಿ. ಜಪಾನ್ ನನಗೆ ಇಷ್ಟ, ಆದರೆ ಬಜೆಟ್ ಬಿಗಿ. ಮೊದಲ ಸಲಕ್ಕೆ ಅಮೆರಿಕ ತೆಗೆದುಕೊಂಡರೆ ತಪ್ಪು ಮಾಡಲು ದುಡ್ಡಿರುತ್ತದೆ. ಮತ್ತೆ ಒಂದು ಯುಪಿಎಸ್ ಇಟ್ಟುಕೊಳ್ಳಿ. ಈ ಮಳೆಗೆ ನಮ್ಮಲ್ಲಿ ಕರೆಂಟ್ ಹೋಗುವುದು ಸರಿಯಾಗಿ ಯುದ್ಧದ ನಡುವೆಯೇ, ಅದು ಹೇಗೋ ಗೊತ್ತಿಲ್ಲ.

ನಿನ್ನೆ ರಾತ್ರಿ ಅಳಿಯ ಹೊಸ ಡಿಸೈನ್ ಕಳಿಸಿದ. 20 ನಾಟ್, 11 ಇಂಚು ಕವಚ, ಫಿರಂಗಿ ಎಂಟು.

"ಹೆಸರೇನು ಇಟ್ಟೆ?"

"ತುಮರಿ ಲಾಂಚ್."

ತೂಕದಲ್ಲಿ ಇನ್ನೂ 40 ಟನ್ ಮಿಕ್ಕಿದೆಯಂತೆ. ಅದಕ್ಕೆ ಏನು ಹಾಕಲಿ ಅಂತ ಕೇಳುತ್ತಿದ್ದಾನೆ. ಏನೂ ಹಾಕಬೇಡ ಅಂದೆ.