ಅವ್ವನಿಗಾಗಿ ಐಪಾಡ್‌ನಲ್ಲಿ ಪಾರಿಜಾತ

ಬಾಗಲಕೋಟೆ ನವನಗರದ ಮನೆಯಲ್ಲಿ ಅವ್ವ ರೊಟ್ಟಿ ಬಡಿದು ಮುಗಿಸಿ ಕೂತಳು ಅಂದರೆ ಅವಳಿಗೆ ಶ್ರೀಕೃಷ್ಣ ಪಾರಿಜಾತ ಆಟ ನೋಡಬೇಕು. ಫೋನಾದರೆ ನಡುವೆ ಕರೆ ಬರುತ್ತೆ, ಅದಕ್ಕೇ ಹಾಡು, ವಿಡಿಯೋ ಹಾಕೋ ನನ್ನ ಹಳೇ ಪುಟ್ಟ ಪ್ಲೇಯರ್, ಆ್ಯಪಲ್‌ನ ಐಪಾಡ್ ಕ್ಲಾಸಿಕ್ ತೆಗೆದೆ.

ಡೌನ್‌ಲೋಡ್ ಮಾಡಿಟ್ಟ ವಿಡಿಯೋ ಎಂಕೆವಿ ಫೈಲು. ಹೆಸರಿನ ಕೊನೆಗೆ ಎಂಪಿ4 ಅಂತ ಬದಲಿಸಿದರೆ ಸಾಕು ಅಂದುಕೊಂಡಿದ್ದೆ. ಆಗಲ್ಲ. ಎಂಕೆವಿ, ಎಂಪಿ4 ಅನ್ನೋದು ಬರೀ ಡಬ್ಬಿ, ಒಳಗಿನ ಚಿತ್ರ ಯಾವ ಕೋಡೆಕ್‌ನಲ್ಲಿದೆ, ಅಂದರೆ ಯಾವ ವಿಧಾನದಲ್ಲಿ ಕುಗ್ಗಿಸಿದ್ದಾರೆ ಅನ್ನೋದೇ ಮುಖ್ಯ. ನನ್ನ ಫೈಲು ಎಚ್.265 ಅನ್ನೋ ಕೋಡೆಕ್‌ನಲ್ಲಿತ್ತು. ಐಪಾಡ್‌ಗೆ ಬೇಕಾದ್ದು ಎಚ್.264, ಅದೂ ಅದರ ಸರಳ ಬಗೆಯಾದ ಬೇಸ್‌ಲೈನ್ ಪ್ರೊಫೈಲ್, 640×480 ಪಿಕ್ಸೆಲ್ ಒಳಗೆ, ಸೆಕೆಂಡಿಗೆ 30 ಫ್ರೇಮ್ ಮೀರದ ಹಾಗೆ, ಧ್ವನಿ ಎಎಸಿ ಕೋಡೆಕ್‌ನಲ್ಲಿ.

ವಿಡಿಯೋ ಬದಲಿಸೋಕೆ ಕಂಪ್ಯೂಟರಿಗೆ ಹ್ಯಾಂಡ್‌ಬ್ರೇಕ್ ಅನ್ನೋ ತಂತ್ರಾಂಶ ಹಾಕಿಕೊಳ್ಳಿ, ಉಚಿತ. ಅಗಲ ಪರದೆಯ ವಿಡಿಯೋಗೆ 640×360 ಕೊಡಿ, 480ಕ್ಕೆ ಎಳೆದರೆ ಎಲ್ಲರ ಮುಖವೂ ಉದ್ದ ಆಗುತ್ತೆ. ಐಪಾಡ್ ಪರದೆ ಇರೋದೇ 320×240, ಅಲ್ವಾ, ದೊಡ್ಡ ಸೈಜು ಸುಮ್ನೆ ಜಾಗ ತಿನ್ನುತ್ತೆ. ಮತ್ತೆ, ಇಡೀ ಆಟವನ್ನ ಒಂದೇ ಸಲ ಕನ್ವರ್ಟ್‌ಗೆ ಹಾಕಬೇಡಿ. ಮೊದಲು ಒಂದು ನಿಮಿಷದಷ್ಟು ಮಾಡಿ, ಆ್ಯಪಲ್‌ನ ಐಟ್ಯೂನ್ಸ್ ತಂತ್ರಾಂಶದಿಂದ ಐಪಾಡ್‌ಗೆ ಹಾಕಿ ನೋಡಿ. ನಾನು ಹಾಗೆ ಮಾಡದೆ ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ನೋಡಿದರೆ ಚಿತ್ರ ಬರ್ತಿದೆ, ಹಾರ್ಮೋನಿಯಂ ಸದ್ದೇ ಇಲ್ಲ! ಆಡಿಯೋ ಟ್ರ್ಯಾಕ್ ಸೇರಿಸೋದು ಮರೆತಿತ್ತು.

ಎರಡನೇ ಸಲ ಸರಿಯಾಯ್ತು. ಹೆಡ್‌ಫೋನ್ ತೂತಿಗೆ ಸಣ್ಣ ಸ್ಪೀಕರ್ ಸಿಕ್ಕಿಸಿ ಕೊಟ್ಟೆ. ಅವ್ವ ಕನ್ನಡಕ ಏರಿಸಿ, ಐಪಾಡನ್ನ ಅಕ್ಕಿ ಡಬ್ಬಿಗೆ ಒರಗಿಸಿಟ್ಟು ನೋಡ್ತಾಳೆ. ಆಟದಲ್ಲಿ ಗೊಲ್ಲತಿ ಪಾತ್ರ ಬಂದ ಕೂಡಲೇ "ತಮ್ಮಾ, ಸೌಂಡ್ ಸ್ವಲ್ಪ ಜಾಸ್ತಿ ಮಾಡು" ಅಂತಾಳೆ.